ನರದ ಕೆಲಸ ನರಕ್ಕೆ, ಕೀಲಿನ ಕೆಲಸ ನಮಗೆ

ಅಮ್ಮಣ್ಣಿ, ಬಾಣಂತಿಗೆ ಬುದ್ಧಿ ಹೇಳುವವರಿಗೆ ಊರಿನಲ್ಲಿ ಬರವಿಲ್ಲ. ಬಂದವರೆಲ್ಲ ಒಂದೊಂದು ಹೇಳಿ ಕಾಫಿ ಕುಡಿದು ಹೋಗಿದ್ದಾರೆ. ಹೆರಿಗೆ ವಾರ್ಡಿನಲ್ಲೇ ಕೂದಲು ಬೆಳ್ಳಗಾದವಳು ನಾನು. ಈ ದೊಡ್ಡಮ್ಮನ ಮಾತನ್ನೂ ಸ್ವಲ್ಪ ಕೇಳು.

ಮೊದಲನೆಯದು: ಪಾಪುವಿನ ಬಲಗೈ ಏಳದಿರುವುದಕ್ಕೆ ನೀನು ಕಾರಣ ಅಲ್ಲ. ಗ್ರಹಣದ ಹೊತ್ತಿನಲ್ಲಿ ಹಿತ್ತಲಿಗೆ ಹೋಗಿದ್ದರಿಂದ ಆಗಿದ್ದಲ್ಲ, ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಏಳು ತಿಂಗಳು ತುಂಬುವವರೆಗೆ ಮಿಷನ್ ಮುಂದೆ ಕೂತಿದ್ದರಿಂದ ಆಗಿದ್ದೂ ಅಲ್ಲ. ತಲೆ ಹೊರಗೆ ಬಂದ ಮೇಲೆ ಕೆಲವು ಮಕ್ಕಳ ಭುಜ ತಾಯಿಯ ಸೊಂಟದ ಮುಂದಿನ ಮೂಳೆಗೆ ಸಿಕ್ಕಿಹಾಕಿಕೊಳ್ಳುತ್ತದೆ. ಆಗ ಉಳಿದಿರುವುದು ಕೆಲವೇ ನಿಮಿಷ. ಅಷ್ಟರೊಳಗೆ ಮಗು ಹೊರಗೆ ಬಂದು ಉಸಿರಾಡಬೇಕು. ಆ ಗಡಿಬಿಡಿಯಲ್ಲಿ ಕತ್ತಿಗೂ ಭುಜಕ್ಕೂ ನಡುವೆ ಎಳೆತ ಬಿದ್ದರೆ, ಕತ್ತಿನಿಂದ ಕೈಗೆ ಇಳಿಯುವ ನರಗಳು ಜಗ್ಗಿಹೋಗುತ್ತವೆ. ಮಗು 4 ಕೆಜಿ ಮೀರಿದ್ದರೆ, ಬಸುರಿಗೆ ಸಕ್ಕರೆ ಕಾಯಿಲೆ ಇದ್ದರೆ, ವ್ಯಾಕ್ಯೂಮ್ ಇಲ್ಲವೇ ಫೋರ್ಸೆಪ್ಸ್ ಹಾಕಬೇಕಾಗಿ ಬಂದರೆ ಅಪಾಯ ಹೆಚ್ಚು. ಇದ್ಯಾವುದೂ ಇಲ್ಲದ ಹೆರಿಗೆಯಲ್ಲೂ ಆಗುವುದುಂಟು, ಅಪರೂಪಕ್ಕೆ ಸಿಸೇರಿಯನ್‌ನಲ್ಲೂ ಆಗುತ್ತದೆ. 1000 ಹೆರಿಗೆಗೆ ಒಂದೋ ಎರಡೋ ಮಕ್ಕಳಿಗೆ ಹೀಗಾಗುತ್ತದೆ. ಆ ಲೆಕ್ಕದಲ್ಲಿ ನಮ್ಮ ಪಾಪುವೂ ಸೇರಿದೆ, ಅಷ್ಟೇ.

ಹೆರಿಗೆ ಮಾಡಿಸಿದವರ ಮೇಲೆ ನಿನ್ನ ಗಂಡನಿಗೆ ಸಿಟ್ಟಿದೆ. ಇರಲಿ, ಅದು ಸಹಜ. ಆದರೆ ಸಿಟ್ಟಿನಲ್ಲಿ ಜಗಳಕ್ಕೆ ಹೋಗುವುದಕ್ಕಿಂತ ಮೊದಲು ಡಿಸ್ಚಾರ್ಜ್ ಸಮ್ಮರಿಯನ್ನೂ ಹೆರಿಗೆಯ ವಿವರ ಬರೆದ ಹಾಳೆಗಳನ್ನೂ ಕೇಳಿ ತರಲಿ. ಮುಂದೆ ಪಾಪುವನ್ನು ನೋಡುವ ಡಾಕ್ಟರಿಗೆ ಅವು ಬೇಕು. ನೀನು ಇನ್ನೊಮ್ಮೆ ಬಸುರಾದರೆ ಆಗಲೂ ಬೇಕು. ಮೊದಲ ಮಗುವಿಗೆ ಹೀಗಾಗಿದೆ ಎಂದು ಮೊದಲ ತಪಾಸಣೆಯಲ್ಲೇ ಹೇಳು, ಸಕ್ಕರೆ ಪರೀಕ್ಷೆ ತಪ್ಪಿಸಬೇಡ, ದೊಡ್ಡ ಆಸ್ಪತ್ರೆಯಲ್ಲೇ ಹೆರಿಗೆ ಮಾಡಿಸಿಕೋ.

ಫೈಲಿನಲ್ಲಿ ‘ಅರ್ಬ್ಸ್ ಪಾಲ್ಸಿ’ ಎಂದು ಬರೆದಿದ್ದನ್ನು ನೋಡಿ ನಿನ್ನ ನಾದಿನಿ ಏನೇನೋ ಹೇಳಿದಳಂತೆ. ಪಾಪುವಿನ ಮೆದುಳಿಗೆ ಏನೂ ಆಗಿಲ್ಲ. ಇದು ಪೋಲಿಯೋ ಅಲ್ಲ, ಒಬ್ಬರಿಂದ ಒಬ್ಬರಿಗೆ ಬರುವಂಥದ್ದೂ ಅಲ್ಲ. ಮಗು ಮಾತು ಕಲಿಯುತ್ತದೆ, ನಡೆಯುತ್ತದೆ, ಶಾಲೆಗೆ ಹೋಗುತ್ತದೆ. ಪೆಟ್ಟು ಬಿದ್ದಿರುವುದು ಕತ್ತಿನ ಬುಡದ ನರಗಳಿಗೆ.

ಆ ನರಗಳ ಬೇರು ಐದು. ಮೇಲಿನ ಎರಡು ಭುಜವನ್ನು ಎತ್ತುತ್ತವೆ, ಮೊಣಕೈ ಮಡಿಸುತ್ತವೆ. ಕೆಳಗಿನವು ಬೆರಳುಗಳಿಗೆ ಹೋಗುತ್ತವೆ. ನೀನು ಸಿರುಮುಗೈ ನೇಕಾರರ ಮನೆ ಸೊಸೆ, ನಿನಗೆ ಮಗ್ಗದ ಭಾಷೆಯಲ್ಲೇ ಹೇಳುತ್ತೇನೆ. ಹಾಸಿನ ಎಳೆ ಬರೀ ಜಗ್ಗಿ ಸಡಿಲವಾಗಿರಬಹುದು, ನಡುವೆ ತುಂಡಾಗಿರಬಹುದು, ಬೀಮಿನ ಬುಡದಿಂದಲೇ ಕಿತ್ತು ಬಂದಿರಬಹುದು. ಸಡಿಲವಾಗಿದ್ದು ತಾನೇ ಬಿಗಿಯಾಗುತ್ತದೆ. ತುಂಡಾಗಿದ್ದಕ್ಕೆ ಬೇರೆ ಎಳೆ ಕೊಟ್ಟು ಗಂಟು ಹಾಕಬೇಕು. ಬುಡದಿಂದ ಕಿತ್ತಿದ್ದಕ್ಕೆ ಗಂಟು ಹಾಕಲು ತುದಿಯೇ ಇಲ್ಲ, ಪಕ್ಕದ ಎಳೆಯನ್ನು ಆ ಜಾಗಕ್ಕೆ ತಿರುಗಿಸಬೇಕು. ನರಕ್ಕೂ ಹೀಗೇ. ಹೆಚ್ಚಿನ ಮಕ್ಕಳದ್ದು ಸಡಿಲವಾದ ಎಳೆ, ತಾನಾಗಿಯೇ ಸರಿಹೋಗುತ್ತದೆ. ಎಲ್ಲರದ್ದೂ ಅಲ್ಲ. ಯಾವ ಮಗುವಿನದ್ದು ಯಾವುದು ಎಂದು ಮೊದಲ ದಿನವೇ ಯಾರೂ ಹೇಳಲಾರರು. ಅದನ್ನು ತಿಂಗಳುಗಳೇ ಹೇಳುತ್ತವೆ.

ಕೆಟ್ಟ ನರ ಮತ್ತೆ ಬೆಳೆಯುವುದು ದಿನಕ್ಕೆ ಹೆಚ್ಚುಕಡಿಮೆ 1 ಮಿಲಿಮೀಟರ್. ಅಂದರೆ ತಿಂಗಳಿಗೆ ಒಂದು ಇಂಚು. ಕತ್ತಿನಿಂದ ತೋಳಿಗೆ, ತೋಳಿನಿಂದ ಮೊಣಕೈಗೆ ಅದು ನಡೆದು ಬರಬೇಕು. ಯಾವ ತೈಲ ತಿಕ್ಕಿದರೂ, ಯಾವ ಟಾನಿಕ್ ಕುಡಿಸಿದರೂ ಆ ನಡಿಗೆಗೆ ಓಟ ಬರುವುದಿಲ್ಲ. ಅದು ನರದ ಕೆಲಸ, ಅಗತ್ಯ ಬಿದ್ದರೆ ಸರ್ಜನ್‌ರ ಕೆಲಸ. ನಿನ್ನ ಕೆಲಸ ಬೇರೆ ಇದೆ. ನರ ಬಂದು ತಲುಪುವ ಹೊತ್ತಿಗೆ ಭುಜದ ಕೀಲು ಬಿಗಿದುಕೊಂಡಿರಬಾರದು, ಆ ಕೈ ತನ್ನದು ಎನ್ನುವುದು ಪಾಪುವಿಗೆ ಮರೆತಿರಬಾರದು. ಈ ಎರಡನ್ನು ನಿನ್ನ ಹಾಗೆ ಬೇರೆ ಯಾರೂ ನೋಡಿಕೊಳ್ಳಲಾರರು. ಡಾಕ್ಟರು ತಿಂಗಳಿಗೊಮ್ಮೆ ನೋಡುತ್ತಾರೆ, ಫಿಸಿಯೋಥೆರಪಿಸ್ಟ್ ವಾರಕ್ಕೊಮ್ಮೆ. ದಿನಕ್ಕೆ ಹತ್ತು ಸಲ ಬಟ್ಟೆ ಬದಲಿಸುವವಳು ನೀನು.

ಆ ಬಟ್ಟೆ ಬದಲಿಸುವ ಹೊತ್ತನ್ನೇ ವ್ಯಾಯಾಮದ ಹೊತ್ತು ಮಾಡಿಕೋ. ಬೇರೆ ಟೈಮ್‌ಟೇಬಲ್ ಹಾಕಿದರೆ ನಾಲ್ಕನೇ ದಿನ ತಪ್ಪುತ್ತದೆ. ಹುಟ್ಟಿದ ಮೊದಲ ದಿನಗಳಲ್ಲಿ ಆ ಕೈಗೆ ವಿಶ್ರಾಂತಿ ಬೇಕು. ಕತ್ತಿನ ಕೆಳಗಿನ ಕೊರಳೆಲುಬು ಮುರಿದಿದೆಯೋ ಇಲ್ಲವೋ ಎಂದೂ ನೋಡಿರಬೇಕು. ಡಾಕ್ಟರು ‘ಶುರುಮಾಡಿ’ ಎಂದ ಮೇಲೆ ಹೀಗೆ ಮಾಡು. ಪಾಪುವನ್ನು ಅಂಗಾತ ಮಲಗಿಸು. ಮೇಲ್ತೋಳನ್ನು ಪಕ್ಕೆಗೆ ಅಂಟಿಸಿ ಹಿಡಿ. ಮೊಣಕೈಯನ್ನು ಮಡಿಸಿ ಮುಂಗೈಯನ್ನು ಮೇಲಕ್ಕೆ ನಿಲ್ಲಿಸು. ಈಗ ಮೊಣಕೈ ಪಕ್ಕೆ ಬಿಡದ ಹಾಗೆ, ಮುಂಗೈಯನ್ನು ಬಾಗಿಲು ತೆರೆದಂತೆ ನಿಧಾನಕ್ಕೆ ಹೊರಗೆ ತಿರುಗಿಸು. ತಡೆ ಸಿಕ್ಕಲ್ಲಿ ನಿಲ್ಲಿಸಿ ಹತ್ತು ಎಣಿಸು, ಬಿಡು. ಒತ್ತಬೇಡ, ಜರ್ಕ್ ಕೊಡಬೇಡ. ಭುಜವನ್ನು ಒಳಕ್ಕೆ ಎಳೆಯುವ ಸ್ನಾಯುಗಳಿಗೆ ಶಕ್ತಿ ಉಳಿದಿದೆ, ಹೊರಕ್ಕೆ ತಿರುಗಿಸುವವಕ್ಕೆ ಇಲ್ಲ. ಹಾಗಾಗಿ ಕೈ ದಿನೇದಿನೇ ಒಳಕ್ಕೇ ತಿರುಗಿ ಬಿಗಿಯುತ್ತದೆ. ನೂರು ವ್ಯಾಯಾಮಗಳಲ್ಲಿ ಒಂದನ್ನೇ ಮಾಡುವಷ್ಟು ಹೊತ್ತಿದ್ದರೆ ಇದೊಂದನ್ನು ಮಾಡು. ಒಂದು ಸಲ ಥೆರಪಿಸ್ಟ್ ನಿನ್ನ ಕೈಮೇಲೆ ಕೈಯಿಟ್ಟು ಹೇಳಿಕೊಟ್ಟ ಮೇಲೆಯೇ ಶುರುಮಾಡು.

ಮೊದಲ ವರ್ಷದಲ್ಲಿ ಯಾವಾಗಲಾದರೂ, ನಿನ್ನೆಯವರೆಗೆ ಸಲೀಸಾಗಿ ಹೊರಗೆ ತಿರುಗುತ್ತಿದ್ದ ಕೈ ಇವತ್ತು ಅರ್ಧಕ್ಕೇ ನಿಂತರೆ ಅದನ್ನು ಹಗುರವಾಗಿ ತಗೋಬೇಡ. ಭುಜದ ಗುಂಡು ತನ್ನ ಬಟ್ಟಲಿನಿಂದ ಹಿಂದಕ್ಕೆ ಜಾರುತ್ತಿರಬಹುದು. ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯದೆ ತೋರಿಸು. ಅಲ್ಟ್ರಾಸೌಂಡ್‌ನಲ್ಲಿ ಗೊತ್ತಾಗುತ್ತದೆ.

ಇನ್ನು ನಿನ್ನ ಅತ್ತೆಯವರ ಎಣ್ಣೆನೀರು. ಅವರು ಕಾಲು ಚಾಚಿ ಕೂತು, ಮಗುವನ್ನು ಮೊಣಕಾಲ ಮೇಲೆ ಮಲಗಿಸಿ, ಎಣ್ಣೆ ಹಚ್ಚಿ, ಕೊನೆಗೆ ಎರಡು ಕೈಯನ್ನೂ ಅಡ್ಡಡ್ಡ ಎಳೆದು ನೆಟಿಗೆ ತೆಗೆಯುತ್ತಾರಲ್ಲ, ಆ ಎಳೆಯುವುದು ಮಾತ್ರ ಬೇಡ. ಕಂಕುಳಿಗೆ ಕೈಹಾಕಿ ಎತ್ತುವುದು ಬೇಡ, ಒಂದೇ ಕೈ ಹಿಡಿದು ಎಬ್ಬಿಸುವುದು ಬೇಡವೇ ಬೇಡ. ಉಳಿದದ್ದೆಲ್ಲ ನಡೆಯಲಿ. ಅವರಿಗೆ ‘ಮಾಡಬೇಡಿ’ ಎನ್ನಬೇಡ, ನಾನು ಹೇಳಿದ ವ್ಯಾಯಾಮವನ್ನು ಕಲಿಸಿಕೊಡು. ಅಷ್ಟು ಮಕ್ಕಳನ್ನು ಎರೆದ ಕೈ ಅದು. ಒಮ್ಮೆ ಕಲಿತರೆ ನಿನಗಿಂತ ನೇರ್ಪಾಗಿ ಮಾಡುತ್ತಾರೆ, ಮಾಡಲಿಲ್ಲವಾ ಎಂದು ನಿನ್ನನ್ನೇ ಕೇಳುತ್ತಾರೆ.

ಅಂಗಿ ತೊಡಿಸುವಾಗ ಸೋತ ಕೈ ಮೊದಲು, ತೆಗೆಯುವಾಗ ಅದು ಕೊನೆಗೆ. ಸೀರೆ ತೊಟ್ಟಿಲಲ್ಲಿ ಮಲಗಿಸಿದಾಗ ಆ ಕೈ ಬೆನ್ನ ಹಿಂದೆ ಸಿಕ್ಕಿದೆಯಾ ಎಂದು ಬಗ್ಗಿ ನೋಡು. ಅದು ಸಿಕ್ಕಿದರೂ ಪಾಪು ಅಳದೇ ಇರಬಹುದು, ಆ ಕೈಗೆ ನೋವು ತಿಳಿಯುವುದೂ ಕಡಿಮೆ. ಎತ್ತಿಕೊಂಡಾಗ ಆ ಕೈ ಜೋತುಬೀಳದೆ ಮುಂದೆ, ಅದರ ಕಣ್ಣಿಗೆ ಕಾಣುವಂತಿರಲಿ. ಹಲ್ಲು ಬಂದ ಮೇಲೆ ಆ ಬೆರಳುಗಳನ್ನು ಗಾಯವಾಗುವಷ್ಟು ಕಚ್ಚಿಕೊಳ್ಳುವ ಮಕ್ಕಳನ್ನು ಕಂಡಿದ್ದೇನೆ. ಹಾಗೇನಾದರೂ ಕಂಡರೆ ಹೊಡೆಯಬೇಡ, ಡಾಕ್ಟರಿಗೆ ಹೇಳು. ಬಿಸಿ ಲೋಟ, ಬಾಗಿಲ ಸಂದು ಎಲ್ಲದರಲ್ಲೂ ಆ ಕೈಗೆ ಎರಡು ಕಣ್ಣು ಹೆಚ್ಚಿಡು.

ಐದನೇ ತಿಂಗಳಲ್ಲಿ ನೆಂಟರು ಬಳೆ ತರುತ್ತಾರೆ. ಚೆನ್ನಾಗಿರುವ ಕೈಗೆ ತೊಡಿಸಿ, ಈ ಕೈಯನ್ನು ಸೆರಗಿನೊಳಗೆ ಮುಚ್ಚುವ ಅಭ್ಯಾಸ ಒಂದಿದೆ. ನೀನು ತಿರುಗುಮುರುಗಾಗಿ ಮಾಡು. ಗೆಜ್ಜೆ ಕಟ್ಟಿದ ಬಳೆಯನ್ನು ಬಲಗೈಗೇ ಹಾಕು. ಸದ್ದಾದರೆ ಪಾಪು ತಿರುಗಿ ಆ ಕೈಯನ್ನು ನೋಡುತ್ತದೆ, ಎಡಗೈ ಹೋಗಿ ಬಲಗೈಯನ್ನು ಹಿಡಿಯುತ್ತದೆ. ಇಂಥ ಕೈ ನನಗೊಂದಿದೆ ಎನ್ನುವ ಪಾಠ ಅಲ್ಲಿಂದ ಶುರು. ಬೋರಲು ಮಲಗಿಸಿದಾಗ ಆ ಕೈಯನ್ನು ಎದೆಯ ಕೆಳಗಿಂದ ಮುಂದಕ್ಕೆ ತಂದಿಡು. ಗಿಲಕಿ ಕೊಡುವಾಗ ಎಡಕ್ಕೆ ಕೊಟ್ಟಷ್ಟು ಸಲ ಬಲಕ್ಕೂ ಕೊಡು. ದೊಡ್ಡ ಚೆಂಡು, ಅಗಲದ ತಟ್ಟೆಯಂಥ ಎರಡು ಕೈ ಬೇಡುವ ಆಟಿಕೆ ಕೊಡು.

ಈಗ ತಾರೀಖಿನ ಮಾತು. ಇದರಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಮೂರು ತಿಂಗಳು ತುಂಬುವ ದಿನವನ್ನು ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಗುರುತು ಮಾಡು. ಅಷ್ಟರೊಳಗೆ ಮೊಣಕೈಯನ್ನು ತಾನೇ ಮಡಿಸಿ ಮೇಲೆತ್ತದಿದ್ದರೆ ಈ ನರಗಳ ಶಸ್ತ್ರಚಿಕಿತ್ಸೆ ಬಲ್ಲವರ ಹತ್ತಿರ ಹೋಗಲೇಬೇಕು. ಇಡೀ ಕೈ ಬೆರಳು ಸಮೇತ ಜೋತು ಬಿದ್ದಿದ್ದರೆ, ಆ ಕಡೆಯ ಕಣ್ಣಿನ ರೆಪ್ಪೆಯೂ ಇಳಿದಿದ್ದರೆ ಮೂರು ತಿಂಗಳೂ ಕಾಯಬಾರದು, ಮೊದಲ ತಿಂಗಳಲ್ಲೇ ತೋರಿಸಬೇಕು. ನರದ ಆಪರೇಷನ್‌ಗೆ ಒಳ್ಳೆಯ ಕಾಲ ಮೂರರಿಂದ ಒಂಬತ್ತು ತಿಂಗಳು. ಆಮೇಲೆ ನರ ಬಂದು ಮುಟ್ಟಿದರೂ ಸ್ನಾಯು ಸೊರಗಿರುತ್ತದೆ. ‘ವರ್ಷ ತುಂಬಲಿ, ನೋಡೋಣ’ ಎನ್ನುವವರ ಮಾತು ಕೇಳಬೇಡ. ಕಾಯುವುದೂ ಚಿಕಿತ್ಸೆಯೇ, ಆದರೆ ಕಣ್ಣು ತೆರೆದು ಕಾಯಬೇಕು.

ಅದಕ್ಕೊಂದು ಸುಲಭದ ದಾರಿ ಹೇಳುತ್ತೇನೆ. ಪ್ರತಿ ತಿಂಗಳು ಅದೇ ತಾರೀಖಿಗೆ, ಅಂಗಿ ತೆಗೆದು, ಬೆಳಕಿನಲ್ಲಿ ಪಾಪು ಆಡುವುದನ್ನು ಎರಡು ನಿಮಿಷ ಫೋನಿನಲ್ಲಿ ವಿಡಿಯೋ ಮಾಡು. ಆಸ್ಪತ್ರೆಯಲ್ಲಿ ಡಾಕ್ಟರು ಮುಟ್ಟಿದೊಡನೆ ಮಕ್ಕಳು ಕಿರುಚಿ ಕೈಕಾಲು ಬಿಗಿಹಿಡಿಯುತ್ತವೆ, ಏನೂ ಗೊತ್ತಾಗುವುದಿಲ್ಲ. ಮನೆಯ ವಿಡಿಯೋ ಸುಳ್ಳು ಹೇಳುವುದಿಲ್ಲ. ದಿನವೂ ನೋಡುವ ನಿನಗೆ ಕಾಣದ ಸುಧಾರಣೆ ಎರಡು ತಿಂಗಳ ವಿಡಿಯೋ ಪಕ್ಕಪಕ್ಕ ಇಟ್ಟಾಗ ಕಾಣುತ್ತದೆ. ಒಂಬತ್ತನೇ ತಿಂಗಳ ಹೊತ್ತಿಗೆ ಡಾಕ್ಟರು ಮೇಲ್ತೋಳನ್ನು ಪಕ್ಕೆಗೆ ಹಿಡಿದು ಕೈಗೊಂದು ಬಿಸ್ಕತ್ತು ಕೊಟ್ಟು ನೋಡಬಹುದು. ಕತ್ತು ಬಗ್ಗಿಸಿ ಬಿಸ್ಕತ್ತಿನ ಹತ್ತಿರ ಬಾಯಿ ಒಯ್ಯುತ್ತದೋ, ಮೊಣಕೈ ಮಡಿಸಿ ಬಾಯಿಯ ಹತ್ತಿರ ಬಿಸ್ಕತ್ತು ತರುತ್ತದೋ ಎನ್ನುವುದೇ ಪರೀಕ್ಷೆ.

ನಮ್ಮ ಪುಣ್ಯ, ಇದಕ್ಕಾಗಿ ನಾವು ಮದ್ರಾಸು, ಮುಂಬೈ ಎಂದು ಅಲೆಯಬೇಕಾಗಿಲ್ಲ. ಕೊಯಮತ್ತೂರಿನ ಮೇಟ್ಟುಪಾಳಯಂ ರಸ್ತೆಯಲ್ಲೇ ಗಂಗಾ ಆಸ್ಪತ್ರೆ ಇದೆ. ಡಾ. ಜೆ.ಜಿ. ಷಣ್ಮುಗನಾಥನ್ ಮತ್ತು ಅವರ ಪತ್ನಿ ಕನಕವಲ್ಲಿ 1978ರಲ್ಲಿ ಶುರುಮಾಡಿದ್ದು. ಅವರ ಮಗ ಡಾ. ಎಸ್. ರಾಜ ಸಭಾಪತಿ ಅಲ್ಲಿ ಕಟ್ಟಿದ ಕೈ ಮತ್ತು ಮೈಕ್ರೋಸರ್ಜರಿ ವಿಭಾಗ ಕತ್ತಿನ ಈ ನರಗಳ ಚಿಕಿತ್ಸೆಗೆ ದೇಶದಲ್ಲೇ ಹೆಸರಾಗಿದೆ. ಸರ್ಕಾರಿ ದಾರಿ ಬೇಕಾದರೆ ಕೊಯಮತ್ತೂರು ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಅಡಿ, ಹುಟ್ಟಿನಿಂದ ತೊಂದರೆಯಿರುವ ಮಕ್ಕಳನ್ನು ಬೇಗ ಗುರುತಿಸಿ ಉಚಿತವಾಗಿ ನೋಡುವ ಜಿಲ್ಲಾ ಕೇಂದ್ರಗಳ ವ್ಯವಸ್ಥೆ ಇದೆ, ಅಲ್ಲೂ ವಿಚಾರಿಸು. ನೀವಿಬ್ಬರೂ ಕಂಪನಿಯಲ್ಲಿ ಇಎಸ್‌ಐ ಕಟ್ಟುವವರು. ಆ ಕಾರ್ಡಿನಲ್ಲಿ ಪಾಪುವಿನ ಹೆಸರು ಸೇರಿದೆಯಾ ಎಂದು ಈ ವಾರವೇ ನೋಡು. ಮುಖ್ಯಮಂತ್ರಿಗಳ ವಿಮೆ ಕಾರ್ಡ್ ಮನೆಯಲ್ಲಿದ್ದರೆ ಯಾವ ಆಪರೇಷನ್‌ಗೆ ನಡೆಯುತ್ತದೆ ಎಂದು ಆಸ್ಪತ್ರೆಯ ವಿಮೆ ಕೌಂಟರಿನಲ್ಲೇ ಕೇಳು, ಪಕ್ಕದ ಮನೆಯವರನ್ನಲ್ಲ. ಇಎಸ್‌ಐನಲ್ಲಿ ನಿನಗೆ 26 ವಾರಗಳ ಹೆರಿಗೆ ರಜೆಯ ಹಣ ಬರುತ್ತದೆ. ಮುಖ್ಯವಾದ ತಿಂಗಳುಗಳು ಆ ರಜೆಯೊಳಗೇ ಬೀಳುತ್ತವೆ. ಬೇಗ ಕೆಲಸಕ್ಕೆ ಹೋಗಬೇಡ.

ಆಪರೇಷನ್ ಎಂದರೆ ಹೆದರಬೇಡ. ಆದರೆ ಅದರಿಂದ ಪವಾಡವನ್ನೂ ನಿರೀಕ್ಷಿಸಬೇಡ. ಸಾಮಾನ್ಯವಾಗಿ ಕಾಲಿನ ಹಿಂಭಾಗದಿಂದ ಒಂದು ತೆಳ್ಳನೆ ನರ ತೆಗೆದು ಇಲ್ಲಿಗೆ ಜೋಡಿಸುತ್ತಾರೆ. ಅದರಿಂದ ಕಾಲಿನ ನಡಿಗೆಗೆ ತೊಂದರೆಯಿಲ್ಲ, ಪಾದದ ಅಂಚಿನಲ್ಲಿ ಒಂದಿಷ್ಟು ಸ್ಪರ್ಶ ಕಡಿಮೆಯಾಗಬಹುದು. ಮನೆಗೆ ಬಂದ ಮರುದಿನ ಕೈ ಏಳುವುದಿಲ್ಲ. ತಿಂಗಳಿಗೆ ಇಂಚಿನ ಲೆಕ್ಕ ಮತ್ತೆ ಅಲ್ಲಿಂದಲೇ ಶುರು. ಎಷ್ಟೋ ತಿಂಗಳು ಏನೂ ಕಾಣುವುದಿಲ್ಲ. ಆ ಹೊತ್ತಿನಲ್ಲೇ ಮನೆಯವರು ‘ಸುಮ್ಮನೆ ಕೊಯ್ಯಿಸಿದಿರಿ’ ಎನ್ನುತ್ತಾರೆ, ನೀನು ವ್ಯಾಯಾಮ ಬಿಡುತ್ತೀಯ. ಬಿಡಬಾರದು. ನರದ ಆಪರೇಷನ್ ತಪ್ಪಿಹೋದ ಮಕ್ಕಳಿಗೂ ಮುಂದೆ ಒಂದು ಸ್ನಾಯುವನ್ನು ಇನ್ನೊಂದರ ಕೆಲಸಕ್ಕೆ ಹಚ್ಚುವ ಆಪರೇಷನ್ ಉಂಟು. ಒಂದು ದಾರಿ ಮುಚ್ಚಿದರೆ ಎಲ್ಲವೂ ಮುಗಿಯಿತೆಂದಲ್ಲ.

ಅತ್ತೆಯವರು ಚೌಡೇಶ್ವರಿಗೆ ಹರಕೆ ಹೊತ್ತಿದ್ದಾರಂತೆ. ವಿಜಯದಶಮಿಗೆ ಕೊಯಮತ್ತೂರಿನ ರಾಜಬೀದಿಯ ಗುಡಿಯಲ್ಲಿ ನಮ್ಮವರು ಅಲಗು ಹಿಡಿದು ತಾಯಿಯನ್ನು ಕರೆಯುವಾಗ ಪಾಪುವನ್ನೂ ಎತ್ತಿಕೊಂಡು ಹೋಗಿ ನಿಲ್ಲಿ. ಹರಕೆಗೂ ಡಾಕ್ಟರ ತಾರೀಖಿಗೂ ಜಗಳವಿಲ್ಲ. ಎರಡೂ ಒಂದೇ ದಿನ ಬಂದರೆ ಆಸ್ಪತ್ರೆ ಮೊದಲು. ತಾಯಿ ಕೋಪಿಸಿಕೊಳ್ಳುವವಳಲ್ಲ.

ಮಗುವನ್ನು ಬೆಳೆಸುವ ಬಗ್ಗೆ ಒಂದು ಹಳೆಯ ಕಥೆ ಹೇಳುತ್ತೇನೆ, ನಿಜವಾದದ್ದು. ಜರ್ಮನಿಯ ಕೊನೆಯ ಚಕ್ರವರ್ತಿ ಎರಡನೇ ವಿಲ್‌ಹೆಲ್ಮ್ 1859ರಲ್ಲಿ ಹುಟ್ಟಿದಾಗ ಎಡಗೈಗೆ ಇದೇ ಪೆಟ್ಟು ಬಿದ್ದಿತ್ತು. ತಾಯಿ ಇಂಗ್ಲೆಂಡಿನ ರಾಣಿ ವಿಕ್ಟೋರಿಯಾಳ ಹಿರಿಮಗಳು. ಅರಮನೆಗೆ ಏನು ಕಮ್ಮಿ? ಆಗತಾನೇ ಕೊಂದ ಮೊಲದ ಮೈಯೊಳಗೆ ಮಗುವಿನ ಕೈ ತೂರಿಸಿ ಇಟ್ಟರು, ಕರೆಂಟು ಕೊಟ್ಟರು, ಚೆನ್ನಾಗಿದ್ದ ಕೈಯನ್ನು ಮೈಗೆ ಕಟ್ಟಿಹಾಕಿದರು. ಕುದುರೆಯಿಂದ ಬಿದ್ದ ಹುಡುಗ ಅಳುತ್ತಿದ್ದರೂ ಮತ್ತೆ ಮತ್ತೆ ಹತ್ತಿಸಿದರು. ಕೈ ಕೊನೆಗೂ ಗಿಡ್ಡವಾಗಿಯೇ ಉಳಿಯಿತು. ಚಕ್ರವರ್ತಿಯಾದ ಮೇಲೂ ಆತ ಫೋಟೋಗಳಲ್ಲಿ ಆ ಕೈಯನ್ನು ಮರೆಮಾಡುತ್ತಲೇ ಇದ್ದ. ಆತನಿಗೆ ಚಿಕಿತ್ಸೆ ಕಡಿಮೆಯಾಗಿರಲಿಲ್ಲ. ಇಡೀ ಮನೆ ಮಗುವನ್ನು ಬಿಟ್ಟು ಕೈಯನ್ನೇ ನೋಡುತ್ತ ಕೂತಿತ್ತು. ಈಗಲೂ ಚೆನ್ನಾಗಿರುವ ಕೈಯನ್ನು ಸ್ವಲ್ಪ ಹೊತ್ತು ತಡೆದು ಸೋತ ಕೈಯಲ್ಲಿ ಆಡಿಸುವ ಪದ್ಧತಿ ಉಂಟು. ಅದನ್ನು ಥೆರಪಿಸ್ಟ್ ಹೇಳಿದಷ್ಟೇ, ಆಟವಾಗಿ ಮಾಡಬೇಕು. ಶಿಕ್ಷೆಯಾಗಿ ಅಲ್ಲ.

ಹಾಗಾಗಿ ವ್ಯಾಯಾಮ ಮುಗಿದ ಮೇಲೆ ಕೈಯ ಮಾತು ಮುಗಿಯಲಿ. ಉಳಿದ ಹೊತ್ತು ಅದು ಬರೀ ಪಾಪು. ಬೆಳೆದಂತೆ ನಿನ್ನ ಮಗಳು ತನ್ನದೇ ಉಪಾಯ ಹುಡುಕಿಕೊಳ್ಳುತ್ತಾಳೆ. ಟಿಫಿನ್ ಡಬ್ಬಿಯನ್ನು ಹೊಟ್ಟೆಗೆ ಒತ್ತಿ ಮುಚ್ಚಳ ತೆಗೆಯುತ್ತಾಳೆ, ಅಂಗಿಯ ಗುಂಡಿಗೆ ಹಲ್ಲು ಬಳಸುತ್ತಾಳೆ. ನೋಡಲು ನಿನಗೆ ಕರುಳು ಚುರುಕ್ ಎನ್ನುತ್ತದೆ. ಕೈ ಚಾಚಬೇಡ, ಅವಳು ಕರೆದಾಗ ಹೋಗು. ಈಜು ಕಲಿಸು, ಭುಜಕ್ಕೆ ಒಳ್ಳೆಯದು. ಸೈಕಲ್ ಕೇಳಿದರೆ ಕೊಡಿಸು, ಬ್ರೇಕನ್ನು ಚೆನ್ನಾಗಿರುವ ಕೈ ಕಡೆ ಹಾಕಿಸು. ಎಡಗೈಯಲ್ಲಿ ಬರೆದರೆ, ಎಡಗೈಯಲ್ಲಿ ಉಂಡರೆ ಯಾರೂ ಬೈಯದ ಹಾಗೆ ನೋಡಿಕೋ. ಅಜ್ಜನಿಗೂ ಇದನ್ನು ಈಗಲೇ ಹೇಳಿಡು.

ಮದುವೆ ಮನೆಯಲ್ಲಿ ಯಾರಾದರೂ ‘ಮಗುವಿನ ಕೈಗೇನಾಯ್ತು’ ಎಂದು ಕೇಳೇ ಕೇಳುತ್ತಾರೆ. ಪಿಸುಗುಟ್ಟಬೇಡ, ಎದ್ದು ಹೋಗಬೇಡ. ‘ಹುಟ್ಟುವಾಗ ನರಕ್ಕೆ ಪೆಟ್ಟಾಯಿತು, ವ್ಯಾಯಾಮ ನಡೀತಿದೆ’ ಎಂದು ಸಾಧಾರಣ ದನಿಯಲ್ಲಿ ಹೇಳಿ ಊಟಕ್ಕೆ ಏಳು. ನಾಳೆ ಶಾಲೆಯಲ್ಲಿ ಅದೇ ಪ್ರಶ್ನೆಗೆ ಅವಳು ಕೊಡುವ ಉತ್ತರ ನಿನ್ನ ಬಾಯಿಂದ ಕಲಿತದ್ದೇ ಆಗಿರುತ್ತದೆ. ಇನ್ನು ‘ಹೆಣ್ಣು ಮಗು, ಮುಂದೆ ಹೇಗೆ’ ಎನ್ನುವವರಿಗೆ ಉತ್ತರ ಕೊಡುವ ಗೋಜಿಗೇ ಹೋಗಬೇಡ.

ಕೈಯಲ್ಲಿ ಕೊರತೆ ಉಳಿದರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ ಪ್ರಮಾಣಪತ್ರವೂ ಯುಡಿಐಡಿ ಎಂಬ ಗುರುತಿನ ಕಾರ್ಡೂ ಸಿಗುತ್ತವೆ. 40 ಪರ್ಸೆಂಟ್‌ ಮತ್ತು ಅದಕ್ಕಿಂತ ಹೆಚ್ಚು ಎಂದು ಬಂದರೆ ಹೆಚ್ಚಿನ ಸವಲತ್ತುಗಳಿವೆ. ಪರೀಕ್ಷೆಯಲ್ಲಿ ಹೆಚ್ಚು ಹೊತ್ತು ಬೇಕಾದರೆ ಇದು ಕೆಲಸಕ್ಕೆ ಬರುತ್ತದೆ. ಕಾರ್ಡು ಮಾಡಿಸಿದರೆ ಮಗುವಿಗೆ ಹಣೆಪಟ್ಟಿ ಕಟ್ಟಿದಂತೆ ಎಂದು ನಿನ್ನ ಗಂಡ ಹಿಂಜರಿಯಬಹುದು. ಅದು ಅವಳ ಹಕ್ಕಿನ ಕಾಗದ. ಪೆಟ್ಟಿಗೆಯಲ್ಲಿರಲಿ, ಬೇಕಾದಾಗ ತೆಗೆಯಲಿ.

ಮಾವನವರ ಚಿಂತೆ ನನಗೆ ಗೊತ್ತು. ಒಂದು ಕೈ ಲಾಳಿಯ ಹಗ್ಗ ಎಳೆಯಬೇಕು, ಇನ್ನೊಂದು ಹಲಗೆ ಬಡಿಯಬೇಕು, ಇವಳು ಮಗ್ಗಕ್ಕೆ ಹೇಗೆ ಕೂರುತ್ತಾಳೆ ಎನ್ನುತ್ತಾರೆ. ಕೂರುತ್ತಾಳೋ, ಕಂಪ್ಯೂಟರ್ ಮುಂದೆ ಸೀರೆಯ ಡಿಸೈನ್ ಹಾಕುತ್ತಾಳೋ, ಇದ್ಯಾವುದೂ ಬೇಡವೆಂದು ಡಾಕ್ಟರಾಗುತ್ತಾಳೋ, ಅವಳೇ ಹೇಳಲಿ. ನಾವು ಈಗಲೇ ಅವಳ ಪಾಲಿನ ಕೆಲಸ ಆರಿಸುವುದು ಬೇಡ.

ಕೊನೆಗೆ ನಿನ್ನ ಮಾತು. ಎಲ್ಲ ನಾನೇ ಮಾಡಬೇಕು ಎಂದು ಹೊರೆ ಹೊರಬೇಡ. ರಾತ್ರಿ ಶಿಫ್ಟ್ ಮುಗಿಸಿ ಬೆಳಗ್ಗೆ ಬರುವ ನಿನ್ನ ಗಂಡನಿಗೆ ಬೆಳಗಿನ ವ್ಯಾಯಾಮ ಒಪ್ಪಿಸು, ಅವನು ಮಾಡಿದ ಮೇಲೆಯೇ ಮಲಗಲಿ. ಒಂದು ದಿನ ಜ್ವರ ಬಂದು, ನೆಂಟರು ಬಂದು ತಪ್ಪಿದರೆ ಏನೂ ಹಾಳಾಗುವುದಿಲ್ಲ, ಮರುದಿನ ಮಾಡು. ಅಳು ಬಂದರೆ ಅಳು. ಆದರೆ ವಾರಗಟ್ಟಲೆ ನಿದ್ದೆ ಬಾರದೆ, ಮಗುವನ್ನು ಎತ್ತಿಕೊಳ್ಳಲೂ ಮನಸ್ಸಿಲ್ಲ ಎನ್ನುವ ಹಾಗಾದರೆ ಅದು ಬಾಣಂತಿಯರಿಗೆ ಬರುವ ಕಾಯಿಲೆ, ಅದಕ್ಕೆ ಔಷಧಿ ಇದೆ. ನನಗೆ ಒಂದು ಫೋನ್ ಮಾಡು, ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ.

ಮೂರು ತಿಂಗಳು ತುಂಬುವ ವಾರ ತಿರುಪ್ಪೂರಿನಿಂದ ಬೆಳಗಿನ ಬಸ್ಸು ಹತ್ತಿ ಕೊಯಮತ್ತೂರಿನ ಗಾಂಧಿಪುರಕ್ಕೆ ಬಾ, ನಾನು ಸ್ಟ್ಯಾಂಡಿನಲ್ಲಿರುತ್ತೇನೆ. ಫೈಲು, ಎಕ್ಸ್‌ರೇ, ಇಎಸ್‌ಐ ಕಾರ್ಡು, ಫೋನಿನ ವಿಡಿಯೋ, ಪಾಪುವಿಗೆ ಎರಡು ಜೊತೆ ಬಟ್ಟೆ ಮರೆಯಬೇಡ. ಡಾಕ್ಟರಿಗೆ ಕೇಳಬೇಕಾದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ಬಾ, ಒಳಗೆ ಹೋದ ಮೇಲೆ ಅರ್ಧ ಮರೆತುಹೋಗುತ್ತದೆ. ಅಲ್ಲಿಯವರೆಗೆ ದಿನಕ್ಕೆ ಬಟ್ಟೆ ಬದಲಿಸಿದಷ್ಟು ಸಲ, ಮೊಣಕೈ ಪಕ್ಕೆಗೆ, ಮುಂಗೈ ಹೊರಗೆ, ಹತ್ತು ಎಣಿಸುವಷ್ಟು ಹೊತ್ತು.